ಕಂದು ಗುಂಡಿಗಳ ಕಲ್ಲು

ಫೆಬ್ರವರಿ 9

ಸಮುದ್ರದ ಪಾಲಾದವರಿಗೆ,

ನಾನು, ಅತ್ತೆ ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿರುವುದು ನಿಮ್ಮ ಮೀನಿನ ಟ್ಯಾಂಕುಗಳು.

ಹಜಾರದ ದೊಡ್ಡ ಟ್ಯಾಂಕಿನ ಎಡಮೂಲೆಯಲ್ಲಿ, ಎರಡು ಗಾಜು ಸೇರುವ ಕಡೆ, ಸಿಲಿಕಾನ್ ಬೆಳ್ಳಗಾಗಿ ಎದ್ದುಬಿಟ್ಟಿದೆ. ಉಗುರು ತಾಗಿಸಿದರೆ ಸಿಪ್ಪೆಯ ಹಾಗೆ ಬರುತ್ತದೆ. ಹೋದ ವಾರದಿಂದ ಕೆಳಗಿನ ಮರದ ಸ್ಟ್ಯಾಂಡು ತೇವವಾಗಿರುತ್ತದೆ. ನೀರು ಬದಲಿಸುವಾಗ ನಾನೇ ಚೆಲ್ಲಿರಬೇಕು ಎಂದುಕೊಂಡು ಒರೆಸಿದೆ. ಮಧ್ಯಾಹ್ನಕ್ಕೆ ಮತ್ತೆ ತೇವ. ಬೆರಳಲ್ಲಿ ಮುಟ್ಟಿ ನಾಲಗೆಗಿಟ್ಟು ನೋಡಿದೆ. ಉಪ್ಪು.

ನಲ್ಲಿ ರಿಪೇರಿಯವನನ್ನು ಕರೆಸಿದೆ. ಬಗ್ಗಿ ನೋಡಿದ, ಎದ್ದು ನೋಡಿದ, ಕೊನೆಗೆ ಕೈ ಒರೆಸಿಕೊಂಡು ಹೇಳಿದ: "ಅಮ್ಮಾ, ನಾನು ನಲ್ಲಿಯವನು, ಸಮುದ್ರದವನಲ್ಲ. ಆದ್ರೂ ಹೇಳ್ತೀನಿ, ಇದು ಬಿಟ್ಕೊಂಡ್ರೆ ಕೆಳಗಿನ ಮನೆಯವರ ಮಂಚದ ಮೇಲೆ ನಿಮ್ಮ ಮೀನು ಮಲಗಿರ್ತವೆ." ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಕೆಳಗಿನ ಮನೆಯ ಪಿಟೀಲು ಮೇಷ್ಟ್ರ ಮಂಚ ಸರಿಯಾಗಿ ಎಲ್ಲಿದೆ ಎಂದು ನನಗೆ ಗೊತ್ತು.

ಪ್ಯಾಸೇಜಿನ ಟ್ಯಾಂಕಿನ ಪಂಪು ಗುರುಗುಡುತ್ತದೆ. ಮಲಗುವ ಕೋಣೆಯದರ ಗಾಜು ಗೀರುಬಿದ್ದು ಒಳಗಿನ ಮೀನು ಮಂಜಿನಲ್ಲಿ ಓಡಾಡಿದಂತೆ ಕಾಣುತ್ತದೆ. ಇಡೀ ದಿನ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೂರಿಸಿ ಮನೆಗೆ ಬಂದರೆ, ಇಲ್ಲಿ ನೀರಿನ ಪರೀಕ್ಷೆ. ಬಕೆಟ್ ಹೊತ್ತು ಹೊತ್ತು ನನ್ನ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂದು ಅತ್ತೆ ಅಳತೆ ಮಾಡಿ ತೋರಿಸುತ್ತಾರೆ.

ಮೂರಕ್ಕೂ ವಯಸ್ಸಾಗಿದೆ. ಮೂರನ್ನೂ ತೆಗೆದು, ಒಂದೇ ಒಂದು ಚಿಕ್ಕದನ್ನು, ಕೈಗೆ ಎಟುಕುವಂಥದ್ದನ್ನು ಇಡೋಣವೇ? ಹವಳ ಇರಲಿ, ಮೀನೂ ಇರಲಿ. ಆದರೆ ನಮ್ಮನ್ನು ಸಾಯಿಸದ ಹಾಗಿರಲಿ.

ಇವಳು

ಅತ್ತೆ ಎಂದಿನಂತೆ ತಮ್ಮ ಸಾಲು ಸೇರಿಸುತ್ತಿದ್ದಾರೆ: ಮಗನೇ, ಆ ಪಂಪು ನಿನ್ನಪ್ಪನಿಗಿಂತ ಜೋರಾಗಿ ಗೊರಕೆ ಹೊಡೀತದೆ. ಅವರನ್ನಾದ್ರೂ ತಿವಿದು ಮಗ್ಗುಲು ಬದಲಾಯಿಸಬಹುದಿತ್ತು.


ಫೆಬ್ರವರಿ 27

ಕನ್ನಡಕದಂಗಡಿಯ ಯಜಮಾನಿಗೆ,

ಫೋನು ಸಿಗದ ನಮ್ಮ ಹಡಗಿಗೆ ಸಾಮಾನು ತರುವ ದೋಣಿಯಲ್ಲಿ ನಿನ್ನ ಪತ್ರ ಬಂತು. ಸಮುದ್ರದ ತಳದಿಂದ ಎತ್ತಿದ ಕೇಬಲ್ಲಿನ ತುದಿ ನನ್ನ ಮೇಜಿನ ಮೇಲಿತ್ತು. ಕೂದಲೆಳೆಯಂಥ ತಂತುಗಳನ್ನು ಒಂದೊಂದಾಗಿ ಬೆಸೆಯುವ ಕೆಲಸ. ನಡುವೆ ಎದ್ದು ಹೋಗುವಂತಿಲ್ಲ. ಜೇಬಿನಲ್ಲಿಟ್ಟುಕೊಂಡೇ ಮುಗಿಸಿದೆ. ಆಮೇಲೆ ಓದಿದೆ, ಓದಬಾರದಿತ್ತು ಅನ್ನಿಸಿತು.

ನಿನಗೆ ಆ ಟ್ಯಾಂಕುಗಳು ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅದನ್ನು ನಾನು ಬಲ್ಲೆ. ಸಿಲಿಕಾನ್ ಎದ್ದಿದ್ದರೆ ಹೊಸದಾಗಿ ಹಾಕಬಹುದು. ಮೇ ತಿಂಗಳಲ್ಲಿ ರಜೆಗೆ ಬಂದಾಗ ನಾನೇ ಹಾಕುತ್ತೇನೆ. ಅಲ್ಲಿಯವರೆಗೆ ನೀರನ್ನು ಅರ್ಧಕ್ಕೆ ಇಳಿಸು. ಅಟ್ಟದಲ್ಲಿ ಲಾರಿಗೆ ಕಟ್ಟುವ ಪಟ್ಟಿಗಳಿವೆ, ಎರಡನ್ನು ಸುತ್ತಿ ಬಿಗಿ. ಅಷ್ಟು ಸಾಕು.

ಚಿಕ್ಕದು ಸುಲಭ ಎಂದು ನಿನಗೆ ಯಾರು ಹೇಳಿದರು? ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ. ಒಂದು ಬಸವನಹುಳು ಸತ್ತರೂ ಇಡೀ ಟ್ಯಾಂಕಿಗೆ ಗೊತ್ತಾಗುತ್ತದೆ. ದೊಡ್ಡ ಟ್ಯಾಂಕು ನಮ್ಮ ತಪ್ಪುಗಳನ್ನು ನುಂಗಿಕೊಳ್ಳುತ್ತದೆ.

ಮತ್ತೆ ಅದರೊಳಗಿರುವುದನ್ನೆಲ್ಲ ಎಲ್ಲಿಗೆ ಹಾಕುತ್ತೀಯ? ಆ ನೀಲಿ ಮೀನಿಗೆ ಈಜಲು ಜಾಗ ಬೇಕು. ಕಂದು ಗುಂಡಿಗಳ ಕಲ್ಲು ನಮ್ಮ ಮದುವೆಯಾದ ವರ್ಷ ತಂದದ್ದು. ಬಂದಾಗ ಅದರ ಮೇಲೆ ಅಂಗಿಗುಂಡಿಯಷ್ಟಗಲದ ನಾಲ್ಕೈದು ಹವಳದ ಹೂಗಳಿದ್ದವು, ಈಗ ಕಲ್ಲೇ ಕಾಣುವುದಿಲ್ಲ. ಅದನ್ನು ಬೆಳೆಸಿದವರು ನಾವಿಬ್ಬರು. ಬೇರೆಯವರ ಮನೆಗೆ ಕೊಡಲು ನನಗೆ ಮನಸ್ಸಿಲ್ಲ.

ಏನನ್ನೂ ಮುಟ್ಟಬೇಡ. ಮೇ ದೂರವಿಲ್ಲ.

ಅಮ್ಮನಿಗೆ ಹೇಳು, ಅಪ್ಪನ ಗೊರಕೆ ಮೂರು ಮನೆ ದಾಟುತ್ತಿತ್ತು, ಪಂಪಿಗೆ ಆ ಯೋಗ್ಯತೆ ಇಲ್ಲ.

ನಿನ್ನವನು


ಮಾರ್ಚ್ 14

ರೀ,

ನೀರು ಅರ್ಧಕ್ಕೆ ಇಳಿಸಿದೆ. ಪಟ್ಟಿ ಸುತ್ತಿದೆ. ನಮ್ಮ ಹಜಾರದಲ್ಲೀಗ ಸೊಂಟ ಮುರಿದವರ ಆಸ್ಪತ್ರೆ ನಡೆಯುತ್ತಿರುವಂತಿದೆ.

ಅದಾದ ಮೂರನೆಯ ದಿನ ಪಿಟೀಲು ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಕಮಾನು ಹಿಡಿದೇ ಬಂದಿದ್ದರು, ಕೆಳಗಿಡುವುದೂ ನೆನಪಾಗಿರಲಿಲ್ಲ. "ಅಮ್ಮಾವ್ರೇ, ಬೈಯೋಕೆ ಬಂದಿಲ್ಲ. ಪಿಟೀಲಿನ ಪೆಟ್ಟಿಗೆ ಮೇಲೆ ತೊಟ್ಟಿಕ್ತಾ ಇದೆ, ಏನೂಂತ ಕೇಳೋಕೆ ಬಂದೆ" ಅಂದರು. ಅವರು ಬೈದಿದ್ದರೆ ವಾಸಿಯಿತ್ತು. ಅವರ ಚಾವಣಿಯಲ್ಲಿ ತಟ್ಟೆಯಗಲದ ಕಲೆಯಾಗಿದೆ, ಬಣ್ಣ ಉಬ್ಬಿದೆ.

ಮೇ ತಿಂಗಳವರೆಗೆ ಕಾಯಲು ನನ್ನಿಂದಾಗದು. ನಾನೂ ಅತ್ತೆಯೂ ಮೀನಿನಂಗಡಿಗೆ ಹೋದೆವು. ನೀವು ಹೋಗುತ್ತಿದ್ದ ಅಂಗಡಿ ಮುಚ್ಚಿದೆ. ಇದು ಮಾರುಕಟ್ಟೆಯ ಹಿಂದಿನದು, ಒಬ್ಬ ಹೆಂಗಸು ನಡೆಸುತ್ತಾಳೆ. ಮೊಳಕೈವರೆಗೆ ಒದ್ದೆ, ಮಾತು ಖಡಕ್ಕು.

ಅತ್ತೆಗೆ ಒಂದು ಉದ್ದನೆಯ, ಕೊಳವೆಯಂಥ ಟ್ಯಾಂಕು ಇಷ್ಟವಾಯಿತು. "ಅದು ನೋಡೋಕೆ ಚೆಂದ, ಸಾಕೋಕೆ ತಲೆನೋವು. ತಳಕ್ಕೆ ಏನಾದ್ರೂ ಬಿದ್ರೆ ಹೆಗಲವರೆಗೂ ಕೈ ಹಾಕ್ಬೇಕು" ಅಂದಳು. ನನಗೆ ಮೇಜಿನ ಮೇಲಿಡುವ ಪುಟ್ಟದೊಂದು ಹಿಡಿಸಿತು. "ಅದು ಇನ್ನೂ ಕಷ್ಟ. ಎರಡು ಲೋಟ ನೀರು ಆವಿಯಾದ್ರೆ ಉಪ್ಪು ಏರಿ ಕೂರುತ್ತೆ."

"ಹಾಗಾದ್ರೆ ಇವರು ಹೇಳಿದ್ದೇ ನಿಜ. ಚಿಕ್ಕದು ಬೇಡ ಅಂತ ಇವರು ಬರೆದಿದ್ದಾರೆ" ಅಂದೆ.

"ಯಾರು, ಯಜಮಾನ್ರಾ? ಬಕೆಟ್ ಎತ್ತೋರು ಯಾರು?"

ಅತ್ತೆ ನನ್ನ ಬಲಗೈ ಎತ್ತಿ ಅವಳಿಗೆ ತೋರಿಸಿದರು.

ಕೊನೆಗೆ ಅವಳೇ ಒಂದನ್ನು ಎಳೆದು ತೋರಿಸಿದಳು. ಮೊಣಕಾಲೆತ್ತರ, ತುಸು ಅಗಲ. ಹಿಂಬದಿಯಲ್ಲೇ ಅಡ್ಡಗೋಡೆ ಹಾಕಿ ಫಿಲ್ಟರಿಗೆ ಜಾಗ ಮಾಡಿದ್ದಾರೆ, ಹೊರಗೆ ಪೈಪು ಕಾಣುವುದಿಲ್ಲ. ಪಕ್ಕದಲ್ಲೊಂದು ಸಿಹಿನೀರಿನ ಡಬ್ಬಿ. ಆವಿಯಾದಷ್ಟು ನೀರನ್ನು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೆ ಮೆತ್ತನೆಯ ಹವಳ ಮಾತ್ರ, ಎರಡು ಕಿತ್ತಳೆ ಮೀನು, ಒಂದು ಸೀಗಡಿ, ಪಾಚಿ ತಿನ್ನಲು ಬಸವನಹುಳು. "ಇಷ್ಟಕ್ಕೇ ನಿಲ್ಸಿ. ಚಿಕ್ಕ ಟ್ಯಾಂಕು ಕೆಡೋದು ಚಿಕ್ಕದಾಗಿರೋದಕ್ಕಲ್ಲ, ಜನ ಅದಕ್ಕೆ ದೊಡ್ಡ ಟ್ಯಾಂಕಿನ ಸಂಸಾರ ತುಂಬೋದಕ್ಕೆ." ನೀಲಿ ಮೀನನ್ನು ಅವಳ ದೊಡ್ಡ ತೊಟ್ಟಿಗೆ ತೆಗೆದುಕೊಳ್ಳುತ್ತಾಳೆ. ನೋಡಬೇಕೆನ್ನಿಸಿದಾಗ ಬನ್ನಿ ಎಂದಿದ್ದಾಳೆ.

ಹೊರಡುವಾಗ ಒಂದು ಮಾತು ಸೇರಿಸಿದಳು: "ಹಳೇ ಕಲ್ಲುಗಳಲ್ಲಿ ಗಾಜಿನ ಹೂವಿನ ಥರ ಒಂದು ಕಳೆ ಇರುತ್ತೆ. ಅದು ಹೊಸದಕ್ಕೆ ಬರಬಾರ್ದು. ಒಂದು ಬಂದ್ರೆ ಊರು ತುಂಬುತ್ತೆ."

"ಅದನ್ನ ನಂಗೆ ಬಿಡಿ" ಅಂದರು ಅತ್ತೆ.

ಏಪ್ರಿಲ್ ಮೊದಲ ಭಾನುವಾರ ಕೆಲಸ ಶುರು. ಮೈದುನನೂ ಬರುತ್ತಾನೆ. ಹೇಳುವುದಿದ್ದರೆ ಅಷ್ಟರೊಳಗೆ ಸಿಗುವಂತೆ ಬರೆಯಿರಿ. ಬೇಡ ಎನ್ನುವುದೊಂದನ್ನು ಬಿಟ್ಟು.

ಇವಳು

ಮಗನೇ, ನಿನ್ನ ಹೆಂಡತಿ ಹೇಳಿದ್ದು ಸರಿ. ಕೊಳವೆಯದೇ ಚೆನ್ನಾಗಿತ್ತು ಅನ್ನೋದು ಬೇರೆ ಮಾತು.


ಮಾರ್ಚ್ 24

ಪ್ರಿಯಳೇ,

ನಿನ್ನ ಪತ್ರ ಇವತ್ತು ಕೈಸೇರಿತು. ದೋಣಿ ಇನ್ನರ್ಧ ಗಂಟೆಯಲ್ಲಿ ವಾಪಸು ಹೊರಡುತ್ತದೆ. ಅವಸರದಲ್ಲಿ ಬರೆಯುತ್ತಿದ್ದೇನೆ.

ಮೇಷ್ಟ್ರ ವಿಷಯ ಓದಿ ನಾಚಿಕೆಯಾಯಿತು. ಸರಿ, ತೆಗೆದುಬಿಡು. ನಾನು ಅಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ನೀವು ಆರಿಸಿದ್ದು ಒಳ್ಳೆಯ ಟ್ಯಾಂಕು. ಯಾರೂ ಇಲ್ಲದಿದ್ದರೂ ಕೆಲವು ದಿನ ತನ್ನ ಪಾಡಿಗೆ ತಾನು ನಡೆಯುವಂಥದ್ದೇ ಬೇಕಿತ್ತು. ಮೇ ತಿಂಗಳನ್ನೇ ಗಟ್ಟಿಯಾಗಿ ಹಿಡಿದು ಕೂರಬೇಡ. ಇಲ್ಲಿನ ಕೆಲಸ ಎಳೆಯುವ ಹಾಗಿದೆ.

ಈಗ ಗಮನವಿಟ್ಟು ಓದು. ಹಳೆಯ ಮರಳನ್ನು ಹೊಸ ಟ್ಯಾಂಕಿಗೆ ಹಾಕಬೇಡ, ತಳದಲ್ಲಿ ವರ್ಷಗಳ ಕೊಳೆ ಕೂತಿದೆ, ಕದಡಿದರೆ ಮೀನು ಉಳಿಯುವುದಿಲ್ಲ. ಕಲ್ಲುಗಳು ಒಣಗದ ಹಾಗೆ ಹಳೆಯ ಉಪ್ಪುನೀರಿನಲ್ಲೇ ಮುಳುಗಿಸಿಡು.

ಕಂದು ಗುಂಡಿಗಳ ಕಲ್ಲಿನ ವಿಷಯ ಎಲ್ಲಕ್ಕಿಂತ ಮುಖ್ಯ. ಆ ಗುಂಡಿಗಳಲ್ಲಿ ವಿಷವಿರುತ್ತದೆ. ನೀರಿನಲ್ಲಿ ಸುಮ್ಮನೆ ಇದ್ದಷ್ಟು ಹೊತ್ತು ಏನೂ ಆಗದು. ನಾನು ಅದನ್ನು ಮುಟ್ಟುವಾಗ ಉದ್ದ ಕೈಗವಸು ಹಾಕುತ್ತಿದ್ದುದು ಅದಕ್ಕೇ. ನೀನು 'ಸರ್ಜನ್ ಬಂದರು' ಎಂದು ನಗುತ್ತಿದ್ದೆ. ಅದನ್ನು ಕೆರೆಯಬಾರದು, ಬ್ರಷ್ ಹಾಕಬಾರದು, ಬಿಸಿನೀರಂತೂ ತಾಗಿಸಲೇಬಾರದು. ಆ ಆವಿ ಉಸಿರಿಗೆ ಹೋದರೆ ಜೀವಕ್ಕೆ ಅಪಾಯ. ಅಮ್ಮನಿಗೆ ಏನು ಕಂಡರೂ ಕುದಿನೀರು ಸುರಿಯುವ ಅಭ್ಯಾಸ, ಆ ಕಲ್ಲನ್ನು ಅವಳ ಕಣ್ಣಿಗೇ ಬೀಳಿಸಬೇಡ. ಕೈಗವಸು ಹಾಕಿ, ನೀರಿನೊಳಗೇ ಮುಚ್ಚಳದ ಬಕೆಟಿಗೆ ಇಳಿಸಿ, ಅಂಗಡಿಯವಳಿಗೆ ಕೊಟ್ಟುಬಿಡು. ನನಗೆ ಬೇಸರವಿಲ್ಲ.

ದೋಣಿಯವನು ಕೂಗುತ್ತಿದ್ದಾನೆ.

ನಿನ್ನವನು


ಏಪ್ರಿಲ್ 10

ರೀ,

ನಿಮ್ಮ ಮಾರ್ಚ್ 24ರ ಪತ್ರ ಸಿಕ್ಕಿತು.

ಹೊಸ ಟ್ಯಾಂಕು ಹಜಾರದಲ್ಲಿ ಕಿಟಕಿಯಿಂದ ದೂರದ ಗೋಡೆಗೆ ಕೂತಿದೆ. ಕಿತ್ತಳೆ ಮೀನುಗಳು ಮೊದಲ ದಿನ ಮೂಲೆ ಬಿಡಲಿಲ್ಲ, ಈಗ ಓಡಾಡುತ್ತಿವೆ. ಸೀಗಡಿ ತನ್ನ ಹಳೆಯ ಚಿಪ್ಪು ಕಳಚಿ ಹಾಕಿತ್ತು, ಸತ್ತೇಹೋಯಿತೆಂದು ಗಾಬರಿಯಾದೆ, ನೋಡಿದರೆ ಕಲ್ಲಿನ ಸಂದಿಯಲ್ಲಿ ಮೀಸೆ ಆಡಿಸುತ್ತಿತ್ತು. ಬಸವನಹುಳುಗಳು ಗಾಜು ಹತ್ತುತ್ತಿವೆ. ಹಳೆಯ ಮರಳನ್ನು ಹಾಕಿಲ್ಲ. ನೀಲಿ ಮೀನು ಅಂಗಡಿ ಸೇರಿತು. ಹಳೆಯ ಮೂರು ಟ್ಯಾಂಕುಗಳನ್ನು ಮೈದುನ ಒಯ್ದ. ಮೇಷ್ಟ್ರ ಚಾವಣಿ ಒಣಗುತ್ತಿದೆ.

ನಾಲ್ಕು ದಿನದಿಂದ ಅಂಗಡಿ ತೆರೆದಿಲ್ಲ. ಮನೆಯ ಕೆಲಸ ಜಾಸ್ತಿ.

ಅತ್ತೆ ಮಲಗಿದ್ದಾರೆ. ಅದಕ್ಕೇ ಈ ಸಲ ಅವರ ಸಾಲಿಲ್ಲ.

ಇವಳು


ಏಪ್ರಿಲ್ 26

ಕ್ಯಾಪ್ಟನ್ ನನ್ನನ್ನು ಕರೆದು ಒಂದು ಚೀಟಿ ಕೊಟ್ಟರು. ಕಂಪನಿಯ ಕಚೇರಿಯಿಂದ ಬಂದದ್ದು. 'ತಾಯಿ ಆಸ್ಪತ್ರೆಯಲ್ಲಿ, ಉಸಿರಾಟದ ತೊಂದರೆ, ಈಗ ಸುಧಾರಿಸುತ್ತಿದ್ದಾರೆ. ತಮ್ಮನಿಂದ ಸುದ್ದಿ.' ಅಷ್ಟೇ. ಅದರ ಮರುದಿನ ನಿನ್ನ ಪತ್ರ ಬಂತು. ಸೀಗಡಿಯ ಮೀಸೆ, ಬಸವನಹುಳು, ಒಣಗುತ್ತಿರುವ ಚಾವಣಿ. ನನ್ನ ಅಮ್ಮ ಆಮ್ಲಜನಕದ ಮೇಲೆ ಬದುಕಿದ್ದಾಗ ನೀನು ಕೂತು ಬರೆದದ್ದು ಅದನ್ನು.

'ಅತ್ತೆ ಮಲಗಿದ್ದಾರೆ.' ಆ ಎರಡು ಪದಗಳನ್ನು ಎಷ್ಟು ಸಲ ಓದಿದೆನೋ.

ಅಕ್ಷರಗಳೂ ಹೇಗಿವೆ, ಸಾಲಿನ ಮೇಲೆ ಸಾಲು ಬಿದ್ದಿದೆ. ಯಾರಿಗೋ ಲೆಕ್ಕ ಒಪ್ಪಿಸಿ ಎದ್ದುಹೋಗುವ ಅವಸರದಲ್ಲಿ ಗೀಚಿದ ಹಾಗೆ. ಒಂದು ಪುಟ ನೆಟ್ಟಗೆ ಬರೆಯುವಷ್ಟೂ ನಾನು ಬೇಡವಾದೆನೇ?

ಒಂದೇ ಒಂದು ಪ್ರಶ್ನೆ. ನನ್ನ ಪತ್ರ ಸಿಕ್ಕಿತು ಎಂದು ನೀನೇ ಬರೆದಿದ್ದೀಯ. ಹಾಗಾದರೆ ಎಲ್ಲವನ್ನೂ ಓದಿ, ಆ ಕಲ್ಲಿನಲ್ಲಿ ಏನಿದೆ ಎಂದು ತಿಳಿದು, ಅದನ್ನು ಅಮ್ಮನ ಕೈಗೆ ಕೊಟ್ಟೆಯಾ? ಅಥವಾ ಓದದೆಯೇ ಎತ್ತಿಟ್ಟೆಯಾ? ಎರಡರಲ್ಲಿ ಯಾವುದಾದರೂ ನನಗೆ ಸಹಿಸಲಾಗದು, ಆದರೂ ತಿಳಿಯಬೇಕು.

ಇಲ್ಲಿ ನನ್ನ ಕೈ ನಿಲ್ಲುತ್ತಿಲ್ಲ. ಎರಡು ದಿನದಿಂದ ಮೇಜಿಗೆ ಬೇರೆಯವನನ್ನು ಕೂರಿಸಿದ್ದಾರೆ.


ಮೇ 4

ನಿಮ್ಮ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ನಿಮ್ಮ ಪತ್ರ ನನ್ನ ಕೈಸೇರಿದ್ದು ಟ್ಯಾಂಕು ಬದಲಿಸಿದ ಭಾನುವಾರಕ್ಕೆ ಮೊದಲಲ್ಲ. ಅದಾದ ಮೇಲಿನ ಮಂಗಳವಾರ.

ಭಾನುವಾರ ಬೆಳಿಗ್ಗೆ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಮೈದುನ ನೀರು ಎಳೆದ. ನಾನು ಮೀನು ಹಿಡಿದೆ. ಕಲ್ಲುಗಳನ್ನು ಟಬ್ಬುಗಳಿಗೆ ಇಳಿಸಿದೆವು. ಕಂದು ಗುಂಡಿಗಳ ನಡುವೆ ಅಂಗಡಿಯವಳು ಹೇಳಿದ ಗಾಜಿನ ಹೂಗಳು ಅಲ್ಲಲ್ಲಿ ಎದ್ದಿದ್ದವು. ಮೈದುನ, "ಅತ್ತಿಗೆ, ಈ ಕಲ್ಲು ಬಿಸಾಕಿಬಿಡೋಣ" ಅಂದ. ಬೇಡ ಅಂದವಳು ನಾನು. ನಮ್ಮ ಮದುವೆಯಾದ ವರ್ಷದ್ದು ಎಂದು ನೀವು ಬರೆದಿದ್ದಿರಲ್ಲ.

"ಹಾಗಾದ್ರೆ ಕಳೆ ಸುಡ್ಬೇಕು. ಗುಂಡಿಗೆ ತಾಗದ ಹಾಗೆ ಹನಿಹನಿಯಾಗಿ ಬಿಡ್ತೀನಿ, ನೀನು ಆ ಕಡೆ ಉಜ್ಜು" ಅಂದರು ಅತ್ತೆ. ಕೆಟಲ್ಲಿನಲ್ಲಿ ನೀರು ಕುದಿಸಿದರು. ಅಡುಗೆಮನೆಯ ಸಿಂಕಿನಲ್ಲಿ ಕಲ್ಲಿಟ್ಟೆವು. ಗಾಳಿಗೆ ಬಾಗಿಲು ಬಡಿಯುತ್ತಿತ್ತೆಂದು ಕಿಟಕಿಯನ್ನೂ ಮುಚ್ಚಿದ್ದೆ. ಬಿಸಿನೀರು ಬಿದ್ದದ್ದೇ ಕೆಟ್ಟ ವಾಸನೆಯ ಆವಿ ಮುಖಕ್ಕೆ ಎದ್ದಿತು. ನನ್ನ ಬ್ರಷ್ಷಿನಿಂದ ಏನೋ ಸಿಡಿದು ಎಡಗಣ್ಣಿಗೆ ಬಿತ್ತು. ತೊಳೆದುಕೊಂಡೆ. ಅತ್ತೆ ಕೆಮ್ಮುತ್ತಲೇ, "ಬಾಯೆಲ್ಲಾ ತಾಮ್ರ ನೆಕ್ಕಿದ ಹಾಗಾಗ್ತಿದೆ ಕಣೇ" ಅಂದರು. ನಕ್ಕೆವು. ನಿಜವಾಗಿ ನಕ್ಕೆವು ರೀ.

ಮಧ್ಯಾಹ್ನಕ್ಕೆ ಅವರಿಗೆ ಚಳಿ ಹಿಡಿಯಿತು. ಮೈಯ ಮೂಳೆಮೂಳೆಯೂ ನೋಯುತ್ತದೆ ಅಂದರು. ಸಂಜೆಯೊಳಗೆ ಒಂದು ವಾಕ್ಯವನ್ನು ಮೂರು ಉಸಿರಿಗೆ ಹೇಳತೊಡಗಿದರು. ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ನ್ಯುಮೋನಿಯ ಎಂದು ಔಷಧ ಶುರು ಮಾಡಿದರು. ಮೀನಿನ ಟ್ಯಾಂಕು ತೊಳೆಯುತ್ತಿದ್ದೆವು ಎಂದು ನಾನು ಹೇಳಿದೆ. ಅದರಲ್ಲಿ ಹೇಳುವಂಥದ್ದೇನಿದೆ ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಸೋಮವಾರ ಇನ್ನೂ ಕೆಟ್ಟಿತು.

ಮಂಗಳವಾರ ಬಟ್ಟೆ ತರಲು ಮನೆಗೆ ಬಂದೆ. ಕೆಳಗಿನ ಪೆಟ್ಟಿಗೆಯಲ್ಲಿ ನಿಮ್ಮ ಪತ್ರವಿತ್ತು. ಮೆಟ್ಟಿಲು ಹತ್ತುತ್ತಲೇ, ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಿನಲ್ಲಿ ಓದಿದೆ. ಆ ಸಾಲಿಗೆ ಬಂದಾಗ ಅಲ್ಲೇ ಕೂತೆ. ಕೂತ ಮೇಲೆ ನೆನಪಾಯಿತು. ಹಿಂದಿನ ದಿನ ಮೈದುನ ಹೇಳಿದ್ದ: "ಅತ್ತಿಗೆ, ನೀವು ಅಮ್ಮನ ಹತ್ರ ಇರಿ, ಆ ಕಲ್ಲು ನಾನು ಮುಗಿಸ್ತೀನಿ."

ಉಳಿದ ಮೆಟ್ಟಿಲನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲು ತೆರೆದರೆ ಕೆಟಲ್ಲಿನ ಸದ್ದು. ಕಲ್ಲು ಸಿಂಕಿನಲ್ಲಿದೆ, ಅವನ ಕೈಯಲ್ಲಿ ಬ್ರಷ್ಷಿದೆ. ಹಾಡು ಗುನುಗುತ್ತಿದ್ದ. ನಾನು ಒಲೆ ಆರಿಸಿದೆ. ಪತ್ರ ಅವನ ಕೈಗೆ ಕೊಟ್ಟೆ. ಓದಿದವನು ಆ ಬ್ರಷ್ಷನ್ನು ಹಾವನ್ನು ಇಡುವ ಹಾಗೆ ಕೆಳಗಿಟ್ಟ.

ಆ ಪತ್ರವನ್ನೇ ತೆಗೆದುಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಎರಡು ಸಲ ಓದಿ, ಯಾರಿಗೋ ಫೋನು ಮಾಡಿ ಬಂದರು. "ಇದಕ್ಕೆ ಪ್ರತಿಮದ್ದು ಅಂತ ಇಲ್ಲಮ್ಮ. ಆದ್ರೆ ಎದುರಿಗೆ ಏನಿದೆ ಅಂತ ಈಗ ಗೊತ್ತಾಯ್ತು. ಉಸಿರಿಗೆ ಆಸರೆ ಕೊಡ್ತೀವಿ, ಹೃದಯದ ಮೇಲೆ ಕಣ್ಣಿಡ್ತೀವಿ" ಅಂದರು. ಆಮೇಲೆ ನನ್ನ ಮುಖ ನೋಡಿ, "ನಿಮ್ಮ ಕಣ್ಣಿಗೇನಾಗಿದೆ? ಯಾಕೆ ಇಷ್ಟು ದಿನ ಸುಮ್ನಿದ್ರಿ?" ಅಂದರು.

ಕಣ್ಣಿನ ಕಪ್ಪು ಭಾಗದ ಮೇಲೆ ಸುಟ್ಟ ಗಾಯವಾಗಿದೆ. ಏಪ್ರಿಲ್ 10ರ ಪತ್ರ ಬರೆದಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು, ಇನ್ನೊಂದರಲ್ಲಿ ನೀರು ಸುರಿಯುತ್ತಿತ್ತು. ನಿಮಗೆ ಬೇಡವಾದವರಿಗೆ ಗೀಚಿದ ಹಾಗೆ ಕಂಡ ಅಕ್ಷರಗಳು ಅವು. ಈಗ ವಾಸಿ. ಆದರೂ ನನ್ನದೇ ಅಂಗಡಿಯ ಅಕ್ಷರದ ಹಲಗೆ ಮುಂದೆ ನಿಂತರೆ ಎಡಗಣ್ಣು ಅರ್ಧಕ್ಕೇ ನಿಲ್ಲುತ್ತದೆ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀರಿ. ಮುಖದ ಮೇಲಿನ ಮಾಸ್ಕ್ ಸರಿಸಿ ನಿಮ್ಮ ಅಮ್ಮ ನನಗೆ ಹೇಳಿದ ಮೊದಲ ಮಾತು ಇದು: "ಅವನಿಗೆ ಬರೀಬೇಡ. ಬೆಂಕಿ ಹತ್ರ ಕೂತು ಎಳೆ ಜೋಡಿಸೋನು. ಕೈ ನಡುಗಿದ್ರೆ ಏನು ಗತಿ?" ಬದುಕೆಲ್ಲ ಟೆಲಿಫೋನ್ ಕಚೇರಿಯಲ್ಲಿ ಊರವರ ಕರೆಗಳನ್ನು ಸೇರಿಸಿದವರು. ಈ ಕರೆಯನ್ನು ಮಾತ್ರ ಕೊಡಬೇಡ ಎಂದರು. ಅವರ ಮಾತು ಮೀರಿ ನಿಮ್ಮ ತಮ್ಮ ಕಂಪನಿಗೆ ಫೋನು ಮಾಡಿದ. ಅವನನ್ನು ನಾನು ಬೈಯುವುದಿಲ್ಲ.

ಅಷ್ಟೇ ಅಲ್ಲ, ನನ್ನದೂ ಒಂದು ಕಾರಣವಿತ್ತು. ಮೆಟ್ಟಿಲ ಮೇಲೆ ಕೂತಾಗ ನಾನು ಓದಿದ್ದು ಕಲ್ಲಿನ ಸಾಲೊಂದನ್ನೇ ಅಲ್ಲ. ಮೇ ತಿಂಗಳನ್ನು ಗಟ್ಟಿಯಾಗಿ ಹಿಡಿದು ಕೂರಬೇಡ. ಯಾರೂ ಇಲ್ಲದಿದ್ದರೂ ನಡೆಯುವಂಥದ್ದು ಬೇಕಿತ್ತು. ಅಷ್ಟು ಹಟ ಹಿಡಿದಿದ್ದವರು ಒಂದೇ ಪತ್ರಕ್ಕೆ ಹೇಗೆ ಒಪ್ಪಿದಿರಿ ಎಂದು ಆಗ ಹೊಳೆಯಿತು. ಬರದವರಿಗೆ ಎಲ್ಲವನ್ನೂ ಯಾಕೆ ಬರೆಯಬೇಕು ಎಂದುಕೊಂಡೆ.

ಇನ್ನೊಂದು ವರ್ಷಕ್ಕೆ ಸಹಿ ಹಾಕಿದ್ದೀರಿ, ಅಲ್ಲವೇ? ಹೌದು ಅಥವಾ ಇಲ್ಲ ಎಂದು ಬರೆಯಿರಿ. ಬೇರೇನೂ ಬೇಡ.


ಮೇ 17

ಹೌದು.

ಮಾರ್ಚ್ 20ಕ್ಕೆ ಸಹಿ ಹಾಕಿದೆ. ಬೆಸುಗೆಯ ಮುಖ್ಯಸ್ಥನನ್ನಾಗಿ ಮಾಡುತ್ತೇವೆ ಎಂದರು. ನಿನ್ನನ್ನು ಕೇಳಿದರೆ ಬೇಡ ಎನ್ನುತ್ತೀಯೆಂದು ಕೇಳಲಿಲ್ಲ. ಮೇನಲ್ಲಿ ಹೇಗೋ ಹೇಳಿದರಾಯಿತು ಎಂದುಕೊಂಡೆ, ಆಮೇಲೆ ಮೇನಲ್ಲಿ ಬರುವುದೇ ಇಲ್ಲವೆಂದಾಯಿತು. ನೀನು ಅಷ್ಟೇ ಸಾಕು ಎಂದಿದ್ದರೂ ಇಷ್ಟು ಬರೆಯದೆ ಇರಲಾಗಲಿಲ್ಲ.

ಏಪ್ರಿಲ್ 26ರ ನನ್ನ ಪತ್ರವನ್ನು ಹರಿದು ಹಾಕು. ಹರಿಯುವುದಿಲ್ಲ ಎಂದರೆ ಅದೂ ನ್ಯಾಯವೇ. ಒಂದು ಕಣ್ಣು ಮುಚ್ಚಿಕೊಂಡು ಮೀನುಗಳ ಸುದ್ದಿ ಬರೆದೆಯಲ್ಲ, ಆ ಪುಟವನ್ನು ಮತ್ತೆ ತೆಗೆದು ನೋಡಿದೆ. ಸಾಲುಗಳು ಯಾಕೆ ಒಂದರ ಮೇಲೊಂದು ಬಿದ್ದಿದ್ದವೋ ಈಗ ಕಾಣುತ್ತದೆ. ಆಗ ನನಗೆ ಕಂಡದ್ದು ನನ್ನ ಕೋಪ ಮಾತ್ರ.

ಬಿಡುಗಡೆ ಕೇಳಿದ್ದೇನೆ. ಬದಲಿಗೆ ಬೇರೊಬ್ಬ ಸಿಗುವವರೆಗೆ ಬಿಡುವುದಿಲ್ಲವಂತೆ. ಜೂನ್ 12ಕ್ಕೆ ಹಡಗು ರಿಪೇರಿಗೆ ದಕ್ಷಿಣದ ಬಂದರಿಗೆ ಬರುತ್ತದೆ, ಮೂರು ದಿನ ಅಲ್ಲಿರುತ್ತೇವೆ. ಬಂದರಿನ ಊರು ಬಿಟ್ಟು ಹೋಗುವಂತಿಲ್ಲ. ಅಲ್ಲಿಂದ ಫೋನು ಮಾಡುತ್ತೇನೆ. ಅಮ್ಮನ ದನಿ ಕೇಳಿಸು.

ತಮ್ಮ ಬ್ರಷ್ ಕೆಳಗಿಟ್ಟದ್ದನ್ನು ಓದಿ ಹೊರಗೆ ಹೋಗಿ ಹಡಗಿನ ಕಂಬಿ ಹಿಡಿದು ನಿಂತಿದ್ದೆ. ಅಡುಗೆಯವನು ಬಂದು ಊಟಕ್ಕೆ ಕರೆದ. ಹೋದೆ, ಊಟ ಸೇರಲಿಲ್ಲ.

ಕಣ್ಣಿಗೆ ಯಾವ ಮದ್ದು ಹಾಕುತ್ತಿದ್ದಾರೆ? ಬರೆ.

ನಿನ್ನವನು


ಮೇ 29

ರೀ,

ಕಣ್ಣಿಗೆ ಎರಡು ಬಗೆಯ ಹನಿ. ಹಗಲು ಹೊತ್ತು ಕಪ್ಪು ಕನ್ನಡಕ. ಹಾಕಿಕೊಂಡು ಅಂಗಡಿಯಲ್ಲಿ ಕೂತರೆ, ಕನ್ನಡಕ ಮಾರುವವಳಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಬಂದವರು ಬಾಗಿಲಲ್ಲೇ ಹಿಂಜರಿಯುತ್ತಾರೆ.

ಅತ್ತೆ ಮನೆಗೆ ಬಂದಿದ್ದಾರೆ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲಬೇಕು. ದನಿ ಹೋಗಿದೆ, ಬರುವುದು ಗಾಳಿಯಷ್ಟೇ. ಡಾಕ್ಟರು ತಿಂಗಳುಗಳ ಮಾತು ಎಂದಿದ್ದಾರೆ. ಫೋನಿನಲ್ಲಿ ಕೇಳಿಸು ಎಂದಿರಿ, ಕೇಳಿಸಲು ಅಲ್ಲಿ ಏನೂ ಇಲ್ಲ. ನಿಮ್ಮ ಪತ್ರ ಓದಿ ಹೇಳಿದೆ. ಸಹಿಯ ವಿಷಯಕ್ಕೆ ಬಂದಾಗ ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಆಮೇಲೆ ನನ್ನ ಕಿವಿ ಹತ್ತಿರ ಬಾಯಿಟ್ಟು, "ಅವನಪ್ಪನೂ ಕೇಳದೇನೇ ಮಾಡ್ತಿದ್ರು. ನಾನು ಸುಮ್ನಿದ್ದೆ. ನೀನು ಸುಮ್ನಿರಬೇಡ" ಅಂದರು.

ಅದಕ್ಕೇ ಸುಮ್ಮನಿರುವುದಿಲ್ಲ. ನಾನು ಮರೆತೆ ಎಂದು ತಿಳಿಯಬೇಡಿ. 'ಅಮ್ಮನ ಕೈಗೆ ಕೊಟ್ಟೆಯಾ' ಎಂದು ಕೇಳಿದಿರಲ್ಲ, ಆ ಮಾತು ನನ್ನಲ್ಲಿ ಹಾಗೇ ಇದೆ. ನನ್ನ ಮೌನವೂ ನಿಮ್ಮಲ್ಲಿ ಹಾಗೇ ಇರಬಹುದು. ಇದನ್ನು ಪತ್ರದಲ್ಲಿ ಮುಗಿಸಲು ನನಗೆ ಧೈರ್ಯವಿಲ್ಲ. ನಮ್ಮಿಬ್ಬರ ಪತ್ರಗಳು ತಲುಪುವ ಹೊತ್ತಿಗೆ ಮನೆಯಲ್ಲಿ ಬೇರೇನೋ ಆಗಿರುತ್ತದೆ.

ಆ ಕಲ್ಲನ್ನು ಅಂಗಡಿಯವಳು ಕೈಗವಸು, ಮುಖಕವಚ ಹಾಕಿಕೊಂಡು ಬಂದು ಮುಚ್ಚಿದ ಬಕೆಟಿನಲ್ಲಿ ಒಯ್ದಳು. "ಗುಂಡಿ ಇದೆ ಅಂತ ನೀವು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಎಂದು ಅತ್ತೆಯ ಕಾಲ ಬಳಿ ಸ್ವಲ್ಪ ಹೊತ್ತು ಕೂತಿದ್ದು ಹೋದಳು.

ನಿನ್ನೆ ಟ್ಯಾಂಕಿನ ನೀರು ಪರೀಕ್ಷಿಸಿದೆ, ಎಲ್ಲ ಸರಿಯಿದೆ. ಸಿಹಿನೀರಿನ ಡಬ್ಬಿ ತುಂಬಿಸಿಟ್ಟರೆ ಒಂದು ವಾರ ಯಾರೂ ಮುಟ್ಟಬೇಕಿಲ್ಲ. ಮೀನುಗಳಿಗೆ ಚಿಟಿಕೆ ಆಹಾರ ಹಾಕಲು ಪಿಟೀಲು ಮೇಷ್ಟ್ರು ಒಪ್ಪಿದ್ದಾರೆ. ಚಿಟಿಕೆ ಎಂದರೆ ಎಷ್ಟು ಎಂದು ಮೂರು ಸಲ ಕೇಳಿ ತಿಳಿದುಕೊಂಡರು. ಹಳೆಯ ಟ್ಯಾಂಕುಗಳಿದ್ದ ವರ್ಷಗಳಲ್ಲಿ ನಾನೂ ಅತ್ತೆಯೂ ಒಟ್ಟಿಗೆ ಮನೆಯಿಂದ ಹೊರಗೆ ಮಲಗಿದ್ದೇ ಇಲ್ಲ, ನಿಮಗದು ಗೊತ್ತಿತ್ತೇ? ನನಗೂ ಟಿಕೆಟ್ ತೆಗೆಯುವಾಗಲೇ ಹೊಳೆದದ್ದು.

ಹೌದು, ಟಿಕೆಟ್ ತೆಗೆದಿದ್ದೇನೆ. ಡಾಕ್ಟರನ್ನು ಕೇಳಿಯೇ ತೆಗೆದೆ. ಜೂನ್ 12ರ ಬೆಳಿಗ್ಗೆ ಬಂದರು ತಲುಪುತ್ತೇವೆ. ಈ ಪತ್ರ ಅದಕ್ಕೆ ಮುಂಚೆ ನಿಮಗೆ ಸಿಗುತ್ತದೋ ಇಲ್ಲವೋ. ಸಿಗದಿದ್ದರೂ ಚಿಂತೆಯಿಲ್ಲ. ಹಡಗಿನಿಂದ ಇಳಿದು ಗೇಟಿನ ಕಡೆ ನೋಡಿ. ಕಪ್ಪು ಕನ್ನಡಕ ಹಾಕಿಕೊಂಡು ನಿಂತವಳು ನಾನು. ಕೂಗಲಾಗದೆ ಎರಡೂ ಕೈ ಎತ್ತಿ ಬೀಸುತ್ತಿರುವವರು ನಿಮ್ಮ ಅಮ್ಮ.

ಇವಳು